ದಿವಾಳಿಯ ಮಾತು ವಕೀಲರ ಮುಂದೆ ಮೊದಲೇ ಬರಲಿ

ಅಂಗಡಿಯ ಸಾಲ ಕೈಮೀರುವ ಮೊದಲು ಒಬ್ಬ ಒಳ್ಳೆಯ ವಕೀಲರನ್ನು ಕಂಡು, ಸಾಲ ತೀರಿಸಲಾಗದೆಂದು ನ್ಯಾಯಾಲಯಕ್ಕೆ ಕೊಡುವ ದಿವಾಳಿ ಅರ್ಜಿಯ ವಿಚಾರ ಕೇಳಿಕೊಂಡು ಬನ್ನಿ ಎಂದು ಕಳೆದ ಶ್ರಾವಣದಲ್ಲಿ ಹಾವೇರಿಯ ತಂಗಿಗೆ ಫೋನಿನಲ್ಲಿ ಹೇಳಿದೆ. "ಅಣ್ಣಾ, ನಮ್ಮ ಮನಿತನದಾಗ ಇನ್ನೂ ಯಾರೂ ದಿವಾಳಿ ತಗದಿಲ್ಲ. ಮುಂಬೈಗೆ ಹೋಗಿ ಇಂಥಾ ಮಾತು ಕಲತಿ ಏನು?" ಎಂದಳು. ಆ ಮಾತು ನನಗೆ ನಾಟಿತು. ಹೌದು, ಮುಂಬೈಯಲ್ಲೇ ಕಲಿತೆ, ಮತ್ತು ಅದನ್ನು ನಮ್ಮ ಕಡೆಯವರೂ ಕಲಿಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಘಾಟ್‌ಕೋಪರಿನ ನಮ್ಮ ಕಟ್ಟಡದಲ್ಲಿ ಮೇಲಿನ ಮಹಡಿಯ ಗುಜರಾತಿ ಬಟ್ಟೆ ವ್ಯಾಪಾರಿಯೊಬ್ಬರಿಗೆ ವ್ಯವಹಾರದಲ್ಲಿ ಭಾರೀ ಪೆಟ್ಟು ಬಿದ್ದಾಗ, ಅವರು ಅದನ್ನು ಜ್ವರ ಬಂದ ವಿಷಯ ಹೇಳಿದಷ್ಟು ಸಹಜವಾಗಿ ಹೇಳಿ, ಮುಂಬೈಯ ಫೋರ್ಟ್ ಬಡಾವಣೆಯ ವಕೀಲರ ಕಚೇರಿಗೆ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು. ಆ ವಕೀಲರು ಕಾಯ್ದೆಯ ಮಾತನ್ನು ಮೊದಲು ಎತ್ತಲೇ ಇಲ್ಲ. ಮೂರು ಖಾಲಿ ಹಾಳೆ ಮುಂದಿಟ್ಟು, ಒಂದರಲ್ಲಿ ಯಾರಿಗೆ ಎಷ್ಟು ಕೊಡಬೇಕು, ಯಾವುದಕ್ಕೆ ಅಡಮಾನವಿದೆ, ಯಾರು ಜಾಮೀನು ನಿಂತಿದ್ದಾರೆ ಎಂಬುದನ್ನೂ, ಇನ್ನೊಂದರಲ್ಲಿ ತಮ್ಮ ಹೆಸರಿನಲ್ಲಿ ಇರುವುದೆಲ್ಲವನ್ನೂ, ಮೂರನೆಯದರಲ್ಲಿ ಕಳೆದ ಎರಡು ವರ್ಷಗಳಲ್ಲಿ ಯಾರ ಹೆಸರಿಗೆ ಏನು ವರ್ಗಾಯಿಸಿದ್ದೀರಿ ಎಂಬುದನ್ನೂ ಬರೆಯಿರಿ ಎಂದರು. ವ್ಯಾಪಾರಿ ಮೂರನೆಯ ಹಾಳೆಯ ಮುಂದೆ ಪೆನ್ನು ಹಿಡಿದು ತುಸು ಹೊತ್ತು ಸುಮ್ಮನೆ ಕುಳಿತಿದ್ದರು.

ಆ ಹಾಳೆಯ ಮಹತ್ವ ಅಂದು ನನಗೆ ತಿಳಿಯಿತು. ಮುಂಬೈಗೆ ಅನ್ವಯಿಸುವುದು 1909ರ ಪ್ರೆಸಿಡೆನ್ಸಿ ಪಟ್ಟಣಗಳ ದಿವಾಳಿ ಕಾಯ್ದೆ. ಅರ್ಜಿ ಹೋಗುವುದು ಬಾಂಬೆ ಹೈಕೋರ್ಟಿಗೆ, ಆಸ್ತಿಯನ್ನು ವಶಕ್ಕೆ ತೆಗೆದುಕೊಳ್ಳುವವರು ಅಫಿಶಿಯಲ್ ಅಸೈನಿ ಎಂಬ ಅಧಿಕಾರಿ. ನಮ್ಮ ಕಡೆ ಇರುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ, ಅರ್ಜಿ ಜಿಲ್ಲಾ ನ್ಯಾಯಾಲಯಕ್ಕೆ. ಎರಡರಲ್ಲೂ ಒಂದು ಮಾತು ಸಮಾನ: ಸರಿಯಾದ ಬೆಲೆ ಪಡೆಯದೆ ಆಸ್ತಿಯನ್ನು ಬೇರೆಯವರ ಹೆಸರಿಗೆ ಮಾಡಿದ ಎರಡು ವರ್ಷದೊಳಗೆ ದಿವಾಳಿ ಅರ್ಜಿ ಬಂದು ಆದೇಶವಾದರೆ ಆ ವರ್ಗಾವಣೆ ನಿಲ್ಲುವುದಿಲ್ಲ. ಅರ್ಜಿಗೆ ಮುಂಚಿನ ಮೂರು ತಿಂಗಳಲ್ಲಿ, ಸಾಲ ಕೊಟ್ಟ ಉಳಿದವರನ್ನು ಬಿಟ್ಟು ಬೇಕಾದ ಒಬ್ಬರಿಗೆ ಮಾತ್ರ ಸಲ್ಲಿಸಿದ ಹಣವನ್ನೂ ಹಿಂದಕ್ಕೆ ಕೇಳಬಹುದು.

ನಮ್ಮ ಕಡೆ ನಡೆಯುವುದಾದರೂ ಏನು? ಸಾಲ ಏರಿದೊಡನೆ ಮೊದಲು ಸೈಟನ್ನು ಹೆಂಡತಿಯ ಹೆಸರಿಗೆ ಬರೆಯುತ್ತಾರೆ. ಆಮೇಲೆ ಬಂಗಾರ ಒತ್ತೆ, ಚೀಟಿ, ಕೈಗಡ, ಕೊನೆಗೆ ತಿಂಗಳಿಗೆ ನೂರಕ್ಕೆ ಐದು ಬಡ್ಡಿಯ ಖಾಸಗಿ ಸಾಲ. ಅದಕ್ಕೆ ಭದ್ರತೆಯಾಗಿ ಸಹಿ ಮಾಡಿದ ಖಾಲಿ ಚೆಕ್ಕುಗಳು. ಆ ಖಾಲಿ ಚೆಕ್ಕು ಬೌನ್ಸ್ ಆದರೆ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೆಯ ಕಲಮಿನ ಪ್ರಕಾರ ಎರಡು ವರ್ಷದವರೆಗೆ ಜೈಲು, ಇಲ್ಲವೆ ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ ಬೀಳಬಹುದು. ಇದು ಕ್ರಿಮಿನಲ್ ಪ್ರಕರಣವಾದ್ದರಿಂದ ದಿವಾಳಿ ಅರ್ಜಿ ಹಾಕಿದ ಮಾತ್ರಕ್ಕೆ ತಪ್ಪುವುದಿಲ್ಲ. ಎಲ್ಲ ಮುಗಿದ ಮೇಲೆ ರಾತ್ರೋರಾತ್ರಿ ಊರು ಬಿಡುತ್ತಾರೆ. ವಕೀಲರ ಮನೆ ನೆನಪಾಗುವುದು ಸಮನ್ಸ್ ಬಂದ ಮರುದಿನ. ಅಷ್ಟರಲ್ಲಿ ವಕೀಲರು ಮಾಡಬಹುದಾದ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಕೈತಪ್ಪಿರುತ್ತದೆ.

ಮರ್ಯಾದೆ ಎನ್ನುತ್ತಾರೆ. ಸಾಲ ಕೊಟ್ಟವನು ಬಾಗಿಲಿಗೆ ಬಂದು ಹೆಂಡತಿ ಮಕ್ಕಳೆದುರು ಕೂಗುವುದರಲ್ಲಿ ಯಾವ ಮರ್ಯಾದೆ ಉಳಿಯುತ್ತದೆ ಎಂದು ನಾನು ಬಹಳ ಸಲ ಕೇಳಿಕೊಂಡಿದ್ದೇನೆ. ಸಾಲ ತೀರಿಸದೆ ಸತ್ತರೆ ಎತ್ತಾಗಿ ಹುಟ್ಟಿ ದುಡಿಯಬೇಕೆಂದು ನಂಬಿದ ಮನೆಯಲ್ಲೇ ನಾನೂ ಬೆಳೆದವನು, ಆ ನಂಬಿಕೆಯ ಹಿಂದಿನ ಪ್ರಾಮಾಣಿಕತೆಯ ಬಗ್ಗೆ ನನಗೆ ಗೌರವವಿದೆ. ಆದರೆ ಪ್ರಾಮಾಣಿಕನಿಗೆ ಕಾಯ್ದೆ ಕೊಟ್ಟಿರುವ ರಕ್ಷಣೆಯನ್ನು ತಿಳಿದುಕೊಳ್ಳದೆ ಇರುವುದು ಪ್ರಾಮಾಣಿಕತೆಯಲ್ಲ. ಡಿಕ್ರಿಯನ್ನು, ಅಂದರೆ ಹಣ ಕೊಡಬೇಕೆಂಬ ನ್ಯಾಯಾಲಯದ ತೀರ್ಪನ್ನು, ಜಾರಿ ಮಾಡುವಾಗ ಮನೆಯವರ ಅಗತ್ಯದ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಧರ್ಮದ ರೂಢಿಯಂತೆ ಹೆಣ್ಣುಮಗಳು ಮೈಯಿಂದ ತೆಗೆಯಬಾರದ ಒಡವೆ, ಕುಶಲಕರ್ಮಿಯ ಉಪಕರಣ, ರೈತನ ಬೇಸಾಯದ ಸಾಮಾನು, ಪ್ರಾವಿಡೆಂಟ್ ಫಂಡಿನ ಹಣ ಇವುಗಳನ್ನು ಜಪ್ತಿ ಮಾಡುವಂತಿಲ್ಲ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಹೇಳುತ್ತದೆ. ತಾಳಿ ಕಿತ್ತುಕೊಂಡು ಹೋಗುತ್ತಾರೆಂಬ ಹೆದರಿಕೆಯಲ್ಲೇ ನನ್ನ ತಂಗಿ ಒಂದು ವರ್ಷ ಕಳೆದಳು. ಹಣದ ಡಿಕ್ರಿಗಾಗಿ ಹೆಂಗಸನ್ನು ಬಂಧಿಸುವಂತಿಲ್ಲ. ಕೊಡುವ ಶಕ್ತಿಯೇ ಇಲ್ಲದವನನ್ನು ಬಡತನದ ಕಾರಣಕ್ಕೆ ಸಿವಿಲ್ ಜೈಲಿಗೆ ತಳ್ಳಬಾರದೆಂದು ಸುಪ್ರೀಂ ಕೋರ್ಟು 1980ರಲ್ಲೇ ಹೇಳಿದೆ. ತಂದೆಯ ಸಾಲವನ್ನು ಮಗ ಧರ್ಮವೆಂದು ತೀರಿಸಲೇಬೇಕೆಂಬ ಹಳೆಯ ಹೊಣೆಯನ್ನು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮುಂದಿನ ಸಾಲಗಳ ಮಟ್ಟಿಗೆ ತೆಗೆದುಹಾಕಿತು. ತಂದೆಯಿಂದ ಬಂದ ಆಸ್ತಿಯಷ್ಟಕ್ಕೆ ಮಾತ್ರ ಮಗ ಹೊಣೆ. ಬ್ಯಾಂಕಿನ ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡಬಾರದೆಂದು ರಿಸರ್ವ್ ಬ್ಯಾಂಕಿನ ಸೂಚನೆಯಿದೆ. ಇವನ್ನೆಲ್ಲ ನಾನು ಕೇಳಿದ್ದು ಆ ಫೋರ್ಟಿನ ಕಚೇರಿಯಲ್ಲಿ, ಬೇರೆಯವರ ಸಾಲದ ನೆಪದಲ್ಲಿ.

ವಕೀಲರು ಸಿಹಿ ಮಾತನ್ನಷ್ಟೇ ಆಡಲಿಲ್ಲ. ದಿವಾಳಿ ಆದೇಶವಾದ ಮೇಲೆ ಸಾಲ ಕೊಟ್ಟವರು ನ್ಯಾಯಾಲಯದ ಅನುಮತಿಯಿಲ್ಲದೆ ಹೊಸ ದಾವೆ ಹೂಡಲಾರರು, ನಿಜ. ಆದರೆ ಮನೆಯನ್ನು ಅಡವಿಟ್ಟುಕೊಂಡ ಬ್ಯಾಂಕಿನ ಹಕ್ಕು ಹಾಗೆಯೇ ಉಳಿಯುತ್ತದೆ. ಜಾಮೀನು ನಿಂತ ಅಳಿಯನೋ ಗೆಳೆಯನೋ ಪಾರಾಗುವುದಿಲ್ಲ. ಸರ್ಕಾರಕ್ಕೆ ಕೊಡಬೇಕಾದ ಬಾಕಿ, ಮೋಸದಿಂದ ಮಾಡಿದ ಸಾಲ, ಹೆಂಡತಿ ಮಕ್ಕಳ ಜೀವನಾಂಶ ಇವು, ಕೊನೆಗೆ ನ್ಯಾಯಾಲಯ ಸಾಲದಿಂದ ಬಿಡುಗಡೆಯ ಆದೇಶ ಕೊಟ್ಟರೂ, ಹೋಗುವುದಿಲ್ಲ. ಆದ್ದರಿಂದಲೇ ಅವರು ನಮ್ಮ ನೆರೆಯವರಿಗೆ ಮೊದಲು ಸಾಲ ಕೊಟ್ಟವರೊಡನೆ ಮಾತಾಡಿ, ಒಪ್ಪಿದ ಮೊತ್ತವನ್ನು ಒಂದೇ ಕಂತಿನಲ್ಲಿ ಕಟ್ಟುವ ರಾಜಿಯನ್ನು ಪ್ರಯತ್ನಿಸಿ ಎಂದು ಹೇಳಿ, ದಿವಾಳಿಯನ್ನು ಕೊನೆಗಿಟ್ಟರು. ಮೊದಲೇ ಬಂದವರಿಗೆ ಮಾತ್ರ ಹೀಗೆ ಆಯ್ಕೆ ಇರುತ್ತದೆ. ವಕೀಲರ ಶುಲ್ಕ ಎಲ್ಲಿಂದ ತರಲಿ ಎನ್ನುವವರಿಗೆ ಪ್ರತಿ ಜಿಲ್ಲೆಯಲ್ಲಿ ಕಾನೂನು ಸೇವಾ ಪ್ರಾಧಿಕಾರವಿದೆ. 1987ರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ, ಸಹಾಯವಾಣಿ 15100. ಅಂಗಡಿಯ ಸಾಲಪತ್ರಕ್ಕೆ ಸಹಿ ಹಾಕಿರುವ ನನ್ನ ತಂಗಿಯೇ ಅಲ್ಲಿಗೆ ಹೋಗಿ ಕೇಳಬಹುದು.

ಒಪ್ಪಿಕೊಳ್ಳಬೇಕಾದ ಮಾತುಗಳೂ ಇವೆ. ಈ ಕಾಯ್ದೆಗಳು ಬ್ರಿಟಿಷರ ಕಾಲದವು. 1909ರ ಕಾಯ್ದೆ ದಿವಾಳಿಯಾದವನಿಗೆ ಉಪಕರಣ, ಬಟ್ಟೆಬರೆ, ಪಾತ್ರೆಪಗಡಿ ಎಲ್ಲ ಸೇರಿ ಉಳಿಸಿಕೊಳ್ಳಲು ಬಿಟ್ಟಿದ್ದು 300 ರೂಪಾಯಿಯ ಸಾಮಾನನ್ನು. 2016ರ ದಿವಾಳಿತನ ಸಂಹಿತೆಯಲ್ಲಿ ವ್ಯಕ್ತಿಗಳಿಗೆಂದು ಬರೆದ ಭಾಗ 2019ರ ಡಿಸೆಂಬರಿನಿಂದ ಕಂಪನಿಗಳಿಗೆ ಜಾಮೀನು ನಿಂತವರಿಗೆ ಮಾತ್ರ ಜಾರಿಯಾಯಿತು, ಸಾಮಾನ್ಯ ಅಂಗಡಿಕಾರನ ಪಾಲಿಗೆ ಬರಲಿಲ್ಲ. ಇನ್ನು ಜನರ ಮಾತು. ನಮ್ಮ ನೆರೆಯವರ ಫೈಲು ಅಚ್ಚುಕಟ್ಟಾಗಿತ್ತು, ಸಲಹೆ ಹೊತ್ತಿಗೆ ಸರಿಯಾಗಿ ಸಿಕ್ಕಿತ್ತು, ಆದರೆ ಆ ಕಷ್ಟದ ತಿಂಗಳುಗಳಲ್ಲಿ ಅವರ ಮನೆಗೆ ಒಬ್ಬ ನೆಂಟನೂ ಬಂದದ್ದನ್ನು ನಾನು ಕಾಣಲಿಲ್ಲ. ಹಾವೇರಿಯಲ್ಲಿ ತಂಗಿಯ ಮೈದುನ ಕೇಳುವ ಮೊದಲೇ ಹತ್ತಿ ಮಾರಿದ ದುಡ್ಡು ತಂದು ಕೊಟ್ಟ, ಬಡ್ಡಿಯ ಮಾತೆತ್ತಲಿಲ್ಲ. ಇಂಥದ್ದು ಮುಂಬೈಯಲ್ಲಿ ನನಗೆ ಸಿಕ್ಕುತ್ತಿತ್ತೇ ಎಂದು ಕೇಳಿದರೆ ಇಲ್ಲವೆಂದೇ ಹೇಳಬೇಕು.

ಅಷ್ಟಾದರೂ ತಂಗಿಗೆ ಮತ್ತೆ ಫೋನ್ ಮಾಡಿ ಹೇಳಿದೆ: ಮೈದುನ ಕೊಟ್ಟದ್ದು ಸಾಲವೋ ನೆರವೋ ಎಂಬುದನ್ನು ಒಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಸಾಲವಾದರೆ ಅವನ ಹೆಸರೂ ಮೊದಲ ಹಾಳೆಗೆ ಸೇರಬೇಕು. ಅವನಿಗೆ ಮಾತ್ರ ಗುಟ್ಟಾಗಿ ತೀರಿಸಿ ಮೂರು ತಿಂಗಳೊಳಗೆ ಅರ್ಜಿ ಹಾಕಿದರೆ, ನಂಬಿ ಕೊಟ್ಟ ಅವನೇ ಆ ಹಣವನ್ನು ನ್ಯಾಯಾಲಯಕ್ಕೆ ತಂದು ಕಟ್ಟಬೇಕಾಗಬಹುದು.