ಯಾ ಗಿಡ ರೀ ಕಾಕಾ?

ನಾಗರಹೊಳೆಯ ಸಫಾರಿ ಬಸ್ಸಿನಲ್ಲಿ ಕಲಬುರಗಿ ಮಂದಿಯನ್ನು ಗುರುತು ಹಿಡಿಯಲು ದುರ್ಬೀನು ಬೇಕಿಲ್ಲ. ಹಕ್ಕಿಯೊಂದು ಕಂಡರೆ ಸಾಕು, ಕಾಕಾ ತೋಳನ್ನು ಪೂರ್ತಿ ಕಿಟಕಿಯಾಚೆ ಚಾಚಿ, "ಅಲ್ಲ್ಯದ ನೋಡ್ರಿ, ಆ ಗಿಡದಾಗ!" ಎನ್ನುತ್ತಾರೆ. ಸುತ್ತ ತೇಗ, ಮತ್ತಿ, ಹೊನ್ನೆ, ಬಿದಿರು. ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ 643 ಚದರ ಕಿಲೋಮೀಟರು.

"ಯಾ ಗಿಡ ರೀ ಕಾಕಾ?"

"ಅದೇ ಪಾ, ಹಸರು ಎಲಿ ಅವ ನೋಡು, ಅದು."

ಚಾಚಿದ ತೋಳು ಕಂಡ ಹಕ್ಕಿ ಅಷ್ಟರಲ್ಲಿ ಕೊಡಗಿನ ಕಡೆ ಹೊರಟಿರುತ್ತದೆ. ದಾರಿ ತೋರಿಸಲು ಗಡಿಯಾರದ ಲೆಕ್ಕವೇ ಸರಿ. ಗಾಡಿಯ ಮೂತಿ ಹನ್ನೆರಡು ಗಂಟೆ, ಬಲಗಡೆ ಮೂರು, ಹಿಂಬದಿ ಆರು, ಎಡಗಡೆ ಒಂಬತ್ತು. "ಎರಡು ಗಂಟೆ, ಎರಡನೇ ಗಿಡ, ಕೆಳಗಿನ ಒಣ ಟೊಂಗೆ" ಎಂದು ಮೆಲ್ಲಗೆ ಹೇಳಿದರೆ ಕೈ ಎತ್ತುವ ಅಗತ್ಯವೇ ಇಲ್ಲ. ಲೆಕ್ಕ ಗಾಡಿಯದು, ಕೂತವರ ಮುಖದ್ದಲ್ಲ. ಹಿಂದಕ್ಕೆ ತಿರುಗಿ ಕೂತವರಿಗೂ ಹನ್ನೆರಡು ಎಂದರೆ ಡ್ರೈವರ್ ಮುಂದಿನ ಗಾಜೇ. ಇದನ್ನು ಗೇಟು ದಾಟುವ ಮುಂಚೆಯೇ ಎಲ್ಲರಿಗೂ ತಿಳಿಸಿರಬೇಕು. ಇಲ್ಲವಾದರೆ "ಮೂರು ಗಂಟೆ!" ಎಂದ ಕೂಡಲೇ ಕಾಕೂ ಕೈಗಡಿಯಾರ ನೋಡಿ, "ಈಗಿನ್ನಾ ಏಳೂ ಆಗಿಲ್ಲಲ್ಲೋ ತಮ್ಮಾ, ಅಲ್ಲೀತನಕ ಇಲ್ಲೇ ಕೂಡೂದೇನು?" ಎಂದು ಊಟದ ಚಿಂತೆಗೆ ಬೀಳುತ್ತಾರೆ.

ಇನ್ನು ದುರ್ಬೀನು. ಅಂಗಡಿಯಲ್ಲಿ ಎಲ್ಲರ ಕಣ್ಣು ಬೀಳುವುದು ದೊಡ್ಡ ಅಂಕಿಯ ಮೇಲೆ. 8×42 ಕೊಡಿ ಎನ್ನಲು ಬಂದವರು 20×50 ಹಿಡಿದುಕೊಂಡು ಹೋಗುತ್ತಾರೆ. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬಂದು ಬೀಳುವ ಬೆಳಕಿನ ವೃತ್ತ ಎಷ್ಟು ಅಗಲ ಎಂದು ಗೊತ್ತಾಗುತ್ತದೆ. 8×42ರಲ್ಲಿ ಅದು 5 ಮಿಲಿಮೀಟರಿಗೆ ತುಸು ಹೆಚ್ಚು, 20×50ರಲ್ಲಿ ಬರೀ ಎರಡೂವರೆ. ಬೆಳಗಿನ ಮಬ್ಬಿನಲ್ಲಿ, ಮರದ ನೆರಳಿನಲ್ಲಿ ಇಪ್ಪತ್ತರದ್ದು ಕತ್ತಲೆ ತೋರಿಸುತ್ತದೆ. ಜೊತೆಗೆ ಕೈನಡುಕವೂ ಇಪ್ಪತ್ತು ಪಟ್ಟು. ಜೀಪಿನ ಎಂಜಿನ್ ಚಾಲೂ ಇದ್ದರಂತೂ ಕಾಡಾನೆಯೂ ಕುಣಿಯುತ್ತದೆ.

ಸರಿಯಾದ ದುರ್ಬೀನು ಕೊಂಡವರ ಗೋಳು ಬೇರೆ. ಅದನ್ನು ಕಣ್ಣಿಗೆ ಹೊಂದಿಸಿಕೊಂಡಿರುವುದಿಲ್ಲ. ಈ ಕೆಲಸವನ್ನು ಮನೆ ಮಾಳಿಗೆಯ ಮೇಲೆ ಮುಗಿಸಬೇಕು, ಕಾಡಿನಲ್ಲಿ ಅಲ್ಲ. ಎರಡೂ ಕೊಳವೆಗಳನ್ನು ಮಡಿಸುತ್ತಾ ಬಿಡಿಸುತ್ತಾ ಎರಡು ವೃತ್ತ ಒಂದಾಗುವಂತೆ ಮಾಡಿಕೊಳ್ಳಿ. ಬಲಗಡೆಯ ಮುಂದಿನ ಗಾಜಿಗೆ ಅಂಗೈ ಅಡ್ಡ ಹಿಡಿದು, ಎರಡೂ ಕಣ್ಣು ತೆರೆದೇ ಇಟ್ಟು, ಎದುರು ಮನೆಯ ನೀರಿನ ಟ್ಯಾಂಕಿನ ಮೇಲಿನ ಅಕ್ಷರ ಎಡಗಣ್ಣಿಗೆ ಚೂಪಾಗುವತನಕ ನಡುವಿನ ಚಕ್ರ ತಿರುಗಿಸಿ. ಆಮೇಲೆ ಅಂಗೈ ಎಡಗಾಜಿಗೆ. ಈಗ ನಡುವಿನ ಚಕ್ರ ಮುಟ್ಟಬಾರದು. ಸಾಮಾನ್ಯವಾಗಿ ಬಲಗಣ್ಣಿನ ಬಳಿ ಇರುವ ಸಣ್ಣ ಬಳೆಯನ್ನಷ್ಟೇ ತಿರುಗಿಸಿ, ಅದೇ ಅಕ್ಷರವನ್ನು ಬಲಗಣ್ಣಿಗೂ ಚೂಪು ಮಾಡಿಕೊಳ್ಳಿ. ಬಳೆ ನಿಂತ ಜಾಗಕ್ಕೆ ಉಗುರುಬಣ್ಣದ ಚುಕ್ಕೆ ಇಟ್ಟರೆ ಒಳ್ಳೆಯದು. ಏಕೆಂದರೆ ದುರ್ಬೀನು ಬಸ್ಸಿನಲ್ಲಿ ಒಬ್ಬರಿಂದ ಒಬ್ಬರಿಗೆ ಹೋಗಿ ತಿರುಗಿ ಬರುವಷ್ಟರಲ್ಲಿ ಅದರಲ್ಲಿ ತಿರುಗುವುದನ್ನೆಲ್ಲ ತಿರುಗಿಸಿರುತ್ತಾರೆ. ಚಷ್ಮಾ ಹಾಕುವವರು ಕಣ್ಣಿನ ಕಡೆಯ ರಬ್ಬರನ್ನು ಒಳಗೆ ಇಳಿಸಬೇಕು, ಹಾಕದವರು ಹೊರಗೆ ಎಳೆಯಬೇಕು. ಇದು ಉಲ್ಟಾ ಆದಾಗಲೇ ಅಂಚಿನಲ್ಲಿ ಕಪ್ಪು ನೆರಳು ಓಡಾಡುವುದು. ಕೆಲವರು ಅದನ್ನು ಕರಡಿ ಎಂದುಕೊಳ್ಳುವುದೂ ಉಂಟು.

ಮತ್ತೊಂದು ತಪ್ಪು, ಹಕ್ಕಿಯನ್ನು ದುರ್ಬೀನಿನೊಳಗೆ ಹುಡುಕುವುದು. ಹುಡುಕುವ ಕೆಲಸ ಬರಿಗಣ್ಣಿನದು. ನೋಟ ಹಕ್ಕಿಯ ಮೇಲೆಯೇ ನೆಟ್ಟಿರಲಿ, ಕತ್ತು ಕದಲದಿರಲಿ, ದುರ್ಬೀನು ತಾನಾಗಿ ಕಣ್ಣಿಗೆ ಏರಿ ಬರಲಿ. ಕಲಬುರಗಿ ಕೋಟೆಯ ಪಾರಿವಾಳಗಳ ಮೇಲೆ ಒಂದು ವಾರ ಸಾಧನೆ ಮಾಡಿದರೆ ಕೈ ಕೂಡಿ ಬರುತ್ತದೆ. ಬೀದರಿನವರಿಗೆ ವಾಯುನೆಲೆಯ ತರಬೇತಿ ವಿಮಾನಗಳ ದೆಸೆಯಿಂದ ಆಕಾಶ ನೋಡುವ ರೂಢಿ ಮೊದಲೇ ಇದೆ, ಅವರಿಗೆ ಎರಡು ದಿನ ಸಾಕು.

ದೂರದ ಕಾಡಿಗೆ ಹೋಗುವ ಮುಂಚೆ ಯಾದಗಿರಿ ಜಿಲ್ಲೆಯ ಸುರಪುರದ ಬಳಿಯ ಬೋನಾಳ ಪಕ್ಷಿಧಾಮದಲ್ಲಿ ಚಳಿಗಾಲದ ಒಂದು ಬೆಳಗು ಕಳೆಯಿರಿ. ಬೆಳಗು ಎಂದರೆ ಬೆಳಗೇ. ನಮ್ಮ ಕಡೆ ಬಿಸಿಲೇರಿದ ಮೇಲೆ ನೆಲ ಕಾದು, ಅದರ ಮೇಲಿನ ಗಾಳಿ ಬಿಸಿಯಾಗಿ ಅಲುಗಾಡತೊಡಗುತ್ತದೆ. ಅದರೊಳಗೆ ಹಾದು ಬರುವ ಬೆಳಕೂ ಬಾಗುತ್ತದೆ. ಆಗ ಕೊಕ್ಕರೆಯ ಕಾಲು ನಾಲ್ಕಾರು ತುಂಡಾಗಿ ತೇಲುತ್ತದೆ. ಚಕ್ರ ಎಷ್ಟು ತಿರುಗಿಸಿದರೂ ಸರಿಹೋಗದು, ದುರ್ಬೀನು ಕೆಟ್ಟಿದೆ ಎಂದು ವಾಪಸ್ ಕೊಡಲು ಓಡಬೇಡಿ. ಸೂರ್ಯ ಬೆನ್ನ ಹಿಂದಿರುವಂತೆ ನಿಲ್ಲಬೇಕು, ಎದುರಿಗಿದ್ದರೆ ಎಲ್ಲ ಹಕ್ಕಿಯೂ ಕಾಗೆಯೇ. ದುರ್ಬೀನನ್ನು ಸೂರ್ಯನ ಕಡೆ ತಿರುಗಿಸಿದರಂತೂ ಕಣ್ಣೇ ಹೋದೀತು.

ನಾಷ್ಟಾದ ವಿಷಯ ಗಂಭೀರವಾದದ್ದು. ಕೆರೆ ದಂಡೆಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಪಟ್ಟೆತಲೆ ಹೆಬ್ಬಾತುಗಳನ್ನು ನೋಡುತ್ತಿರುವಾಗ ಯಾರೋ ಬುತ್ತಿ ಬಿಚ್ಚಿ ಖಡಕ್ ರೊಟ್ಟಿ ಮುರಿಯುತ್ತಾರೆ. ಹಿಮಾಲಯ ದಾಟಿ ಬಂದ ಹಕ್ಕಿ ನಮ್ಮ ರೊಟ್ಟಿ ಮುರಿಯುವ ಸಪ್ಪಳಕ್ಕೆ ಆಚೆ ದಂಡೆ ಸೇರುತ್ತದೆ. ಚೂಡಾದ ಪ್ಲಾಸ್ಟಿಕ್ ಚೀಲವೂ ಅಷ್ಟೇ ಅಪಾಯಕಾರಿ. ಮೆತ್ತನೆಯ ರೊಟ್ಟಿ, ಪಲ್ಯ, ಸುಸಲಾ, ಬಾಳೆಹಣ್ಣು ಸದ್ದಿಲ್ಲದೆ ಒಳಗೆ ಹೋಗುತ್ತವೆ. ಬಿಸಿಲಿಗೆ ಬಿಳಿ ಧೋತ್ರ ಎಷ್ಟು ಹಿತವೋ ಹಕ್ಕಿಯ ಕಣ್ಣಿಗೆ ಅಷ್ಟೇ ಢಾಳ. ಮಾಸಿದ ಮಣ್ಣುಬಣ್ಣದ ಅಂಗಿ ಇದ್ದರೆ ಹಾಕಿಕೊಳ್ಳಿ, ಅದನ್ನು ನೋಡಲು ಬೀಗರೇನೂ ಬರುವುದಿಲ್ಲ.

ಹೆಸರು ಹೇಳುವ ಅವಸರ ಎಲ್ಲರಿಗೂ ಇದ್ದದ್ದೇ. ಚಂದ್ರಮುಕುಟವನ್ನು ಮರಕುಟಿಗ ಎಂದು ಮಕ್ಕಳಿಗೆ ಕಲಿಸಿಬಿಡುತ್ತಾರೆ, ಉದ್ದ ಕೊಕ್ಕು, ತಲೆಗೆ ಕಿರೀಟ ಇದೆಯೆಂದು. ಚಂದ್ರಮುಕುಟ ನೆಲದ ಮೇಲೆ ನಡೆದಾಡುತ್ತಾ ಮಣ್ಣು ಕೆದಕುತ್ತದೆ. ಮರಕುಟಿಗ ಬಾಲವನ್ನು ಊರುಗೋಲಾಗಿ ಒತ್ತಿಕೊಂಡು ಕಾಂಡ ಏರುತ್ತದೆ. ತಂತಿಯ ಮೇಲೆ ಮಂಕಾಗಿ ಕೂತ ಕಂದು ಹಕ್ಕಿಯನ್ನು ಬಿಟ್ಟು ಮುಂದೆ ಹೋಗಬೇಡಿ. ರೆಕ್ಕೆ ಬಿಚ್ಚಿದಾಗ ನೀಲಿ ಮಿಂಚಿದರೆ ಅದು ನೀಲಕಂಠ, ಕರ್ನಾಟಕದ ರಾಜ್ಯಪಕ್ಷಿ. ಚಿಂಚೋಳಿಯ ಗಡಿ ದಾಟಿದರೆ ತೆಲಂಗಾಣಕ್ಕೂ ಅದೇ ರಾಜ್ಯಪಕ್ಷಿ. ಇಷ್ಟರ ಮಟ್ಟಿಗೆ ಎರಡು ಸರ್ಕಾರಗಳಿಗೆ ತಕರಾರಿಲ್ಲ. ಮೊಬೈಲ್ ತೆಗೆಯುವ ಮುಂಚೆ ಕೊಕ್ಕು, ಕಾಲು, ಬಾಲ, ಮಾಡುತ್ತಿದ್ದ ಕೆಲಸ ಇಷ್ಟನ್ನು ಗೀಚಿಕೊಳ್ಳಿ. ಫೋಟೊ ಬಂದಿರುವುದು ಹೇಗೂ ಟೊಂಗೆಯದೇ.

ಕೊನೆಗೆ ಹುಲಿ. ಕಾಡಿನಲ್ಲಿ ಹುಲಿ ಹುಡುಕಲು ಕಿವಿ ಬೇಕು. ಚುಕ್ಕೆ ಜಿಂಕೆ ಸಣ್ಣಪುಟ್ಟದ್ದಕ್ಕೂ ಬೆದರಿ ಕೂಗುತ್ತದೆ. ಗಿಡದ ತುದಿಯಿಂದ ಮುಸುವ ಕೆಮ್ಮಿದಂತೆ ಕೂಗಿದರೆ ಅದು ಕಣ್ಣಾರೆ ಏನನ್ನೋ ಕಂಡಿದೆ. ಕಡವೆಯೂ ಬಿಡದೆ ಕೂಗಿದರೆ ಡ್ರೈವರ್ ಎಂಜಿನ್ ಬಂದ್ ಮಾಡುತ್ತಾರೆ. ಇಡೀ ಬಸ್ಸು ಸ್ತಬ್ಧ. ಸರಿಯಾಗಿ ಆಗಲೇ ಯಾರದೋ ಕಿಸೆಯಲ್ಲಿ ಫೋನು ಮೊಳಗಿ, "ಹಲೋ! ಹಾಂ ಮಾಮಾ, ಕಾಡಿನ್ಯಾಗ ಅದೀವಿ! ಇಲ್ಲ ಇಲ್ಲ, ಇನ್ನಾ ಕಂಡಿಲ್ಲ!" ಇಲ್ಲಿ ಸಿಗ್ನಲ್ ಸಿಗುವುದಿಲ್ಲ ಎಂದು ನಂಬಿ ಫೋನನ್ನು ಸೈಲೆಂಟ್ ಮಾಡದವರು ಪ್ರತಿ ಬಸ್ಸಿನಲ್ಲೂ ಇರುತ್ತಾರೆ, ಸಿಗ್ನಲ್ ಸಿಗುವುದೂ ಅವರಿಗೇ. 2022ರ ಗಣತಿಯಂತೆ ರಾಜ್ಯದಲ್ಲಿ 563 ಹುಲಿಗಳು, ನಾಗರಹೊಳೆಯಲ್ಲೇ 141. ಹೀಗಿರುವಾಗ ಒಂದೂ ಕಾಣಲಿಲ್ಲವೆಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ. "ನಿಮಗೆ ಕಾಣದಿದ್ದರೂ ಅದು ನಿಮ್ಮನ್ನು ನೋಡಿರುತ್ತದೆ" ಎಂಬ ಗೈಡಿನ ಸಮಾಧಾನವನ್ನೇ ಮಂದಿಗೂ ಹೇಳಬೇಕಾಗುತ್ತದೆ.

ಮನೆಗೆ ಬಂದ ಮೇಲೆ ದುರ್ಬೀನಿನ ಗಾಜನ್ನು ಸೆರಗಿನಿಂದಲೋ ಟವೆಲಿನಿಂದಲೋ ಉಜ್ಜಬೇಡಿ. ಅಂಟಿದ ಧೂಳಿನ ಕಣಗಳೇ ಗಾಜಿನ ಲೇಪವನ್ನು ಗೀರುತ್ತವೆ. ಮೊದಲು ರಬ್ಬರಿನ ಗಾಳಿ ಊದುವ ಉಂಡೆಯಿಂದ ಧೂಳು ಹಾರಿಸಿ, ಆಮೇಲೆ ಚಷ್ಮಾದ ಮೆತ್ತನೆ ಬಟ್ಟೆ. ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಿ, ಮಕ್ಕಳ ಕೈಗೆ ಎಟುಕದಷ್ಟು ಎತ್ತರದಲ್ಲಿಡಿ. ಸ್ವಂತ ಭಾವನವರ ಕೈಗೂ ಎಟುಕದಿದ್ದರೆ ಇನ್ನೂ ಒಳ್ಳೆಯದು.