ಡಾಂಬರು ಅಂದರೆ ತಪ್ಪೇನು?

ಕಳೆದ ವಾರ ನಮ್ಮ ಬೀದಿಗೆ ಡಾಂಬರು ಹಾಕಿದರು. ರೋಲರ್ ಹೋದ ಮೇಲೂ ನೆಲದಿಂದ ಹಬೆ ಏಳುತ್ತಿತ್ತು. ಪಕ್ಕದ ಮನೆಯ ಹುಡುಗಿ ಅದನ್ನೇ ಪ್ರಬಂಧ ಬರೆದಿದ್ದಳು. ಶಾಲೆಯಲ್ಲಿ ‘ಡಾಂಬರು’ ಹೊಡೆದು ಹಾಕಿ ‘ಟಾರ್’ ಅಂತ ತಿದ್ದಿದ್ದಾರೆ. "ಅದು ಹಳ್ಳಿ ಮಾತಂತೆ ಅಂಕಲ್" ಅಂದಳು. ನನಗೆ ತುಂಬಾ ಬೇಜಾರಾಯಿತು.

ಈ ರಸ್ತೆಗೆ ಟಾರ್ ಅನ್ನೋದೇ ಸರಿಯಲ್ಲ. ಟಾರ್ ಅಂದರೆ ಕಲ್ಲಿದ್ದಲನ್ನೋ ಮರವನ್ನೋ ಬೇಯಿಸಿ ಇಳಿಸಿದ್ದು. ಈಗ ಹಾಕುವುದು ಬಿಟುಮಿನ್. ಕಚ್ಚಾ ತೈಲದಿಂದ ಪೆಟ್ರೋಲು, ಡೀಸೆಲು ತೆಗೆದ ಮೇಲೆ ತಳದಲ್ಲಿ ಉಳಿಯುವ ಕಪ್ಪು ಅಂಟು.

ಡಾಂಬರು ಅನ್ನುವ ಮಾತಿನ ಒಳಗಿರುವುದೂ ಅಂಟೇ. ಮಲೇಷ್ಯಾ ಕಡೆಯ ಮಲಯ ಭಾಷೆಯಲ್ಲಿ ದಾಮರ್ ಅಂದರೆ ಮರದಿಂದ ಒಸರುವ ರಾಳ. ನೀರು ನುಗ್ಗದ ಹಾಗೆ ದೋಣಿಯ ಹಲಗೆಗಳ ಸಂದಿಗೆ ಬಳಿಯುತ್ತಿದ್ದದ್ದು. ಸಮುದ್ರ ದಾಟಿ ಬಂದ ಮಾತು ಅದು. ಮರಾಠಿಯಲ್ಲೂ ಡಾಂಬರ್ ಅಂತಲೇ ಇದೆ. ದಕ್ಷಿಣ ಕನ್ನಡದಲ್ಲಿ ರಸ್ತೆ ಬದಿ ಸಾಲಾಗಿ ನಿಂತ ಧೂಪದ ಮರಗಳನ್ನು ನೋಡಿದ್ದೀರಲ್ವಾ? ತೊಗಟೆಗೆ ಕಚ್ಚು ಹಾಕಿದರೆ ಅಂಟು ಒಸರಿ, ಹಳದಿ ಗಾಜಿನ ಚೂರಿನ ಹಾಗೆ ಗಟ್ಟಿಯಾಗುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಬಿಳಿ ಡಾಮರ್ ಅಂತಾರೆ. ಮೇಲೆ ಮರದಲ್ಲಿ ಇರುವುದಕ್ಕೂ ಕೆಳಗೆ ರಸ್ತೆಯಲ್ಲಿ ಇರುವುದಕ್ಕೂ ಒಂದೇ ಹೆಸರು! ಸೀರೆಗಳ ನಡುವೆ ಇಡುವ ಡಾಂಬರ್ ಗುಳಿಗೆ ನೋಡಿ. ಅದನ್ನು ತೆಗೆಯುವುದು ಕಲ್ಲಿದ್ದಲ ಟಾರಿನಿಂದ. ಮರದ ಅಂಟು, ಕಲ್ಲಿದ್ದಲ ಅಂಟು, ಎಣ್ಣೆಯ ಅಂಟು ಎಲ್ಲಕ್ಕೂ ಆಗಿಬರುವ ಮಾತನ್ನು ಬಿಟ್ಟು, ಒಂದಕ್ಕೇ ಸಲ್ಲುವ ಮಾತು ಯಾಕೆ ಬೇಕು?

ಜಲ್ಲಿಗೂ ಇದೇ ಗತಿ. ಕ್ರಷರ್ ಬೋರ್ಡುಗಳಲ್ಲಿ ಇಂಗ್ಲಿಷಿನಲ್ಲಿ ‘ಜೆಲ್ಲಿ’ ಅಂತ ಬರೆದಿರುತ್ತದೆ. ಹಣ್ಣಿನ ಜೆಲ್ಲಿಗೂ ಅದಕ್ಕೂ ಸಂಬಂಧವೇ ಇಲ್ಲ. ಜಲ್ಲಿ ನಮ್ಮದು, ತಮಿಳಿನವರದ್ದೂ ಹೌದು. ಇಂಗ್ಲಿಷಿನವರ ಬಾಯಲ್ಲಿ ಜೆಲ್ಲಿ ಆಯಿತು, ಅಷ್ಟೇ. ಇನ್ನು ರಸ್ತೆಗೆ ಜಲ್ಲಿ ಹಾಸುವುದಕ್ಕೆ ಮೆಟ್ಲಿಂಗ್ ಅಂತೀವಲ್ಲ, ಅದರಲ್ಲಿ ಕಬ್ಬಿಣ ಹುಡುಕಬೇಡಿ. ಹಳೆಯ ಗ್ರೀಕ್ ಮಾತು ಮೆಟಲ್ಲೋನ್, ಅಂದರೆ ಗಣಿ. ಒಡೆದ ಕಲ್ಲಿಗೆ ಆ ಹೆಸರು ಸರಿಯಾಗೇ ಇದೆ.

ಹುಡುಗಿಗೆ ಇದೆಲ್ಲ ಹೇಳಿದೆ. ಕೆಂಪು ಗೀಟಿನ ಪಕ್ಕದಲ್ಲೇ ಅವಳು ಮತ್ತೆ ‘ಡಾಂಬರು’ ಅಂತ ಬರೆದಳು, ಈ ಸಲ ದಪ್ಪ ಅಕ್ಷರದಲ್ಲಿ. ಸೋಮವಾರ ಅವಳ ಟೀಚರನ್ನು ನಾನೇ ಹೋಗಿ ಕಾಣುತ್ತೇನೆ. ಜಗಳಕ್ಕಲ್ಲ. ಧೂಪದ ಅಂಟಿನ ಒಂದು ಚೂರು ಮನೆಯಲ್ಲಿದೆ, ತೋರಿಸಬೇಕು.