ಗಂಡ ಹೆಂಡಿರ ಜಗಳ, ಕೂಸು ಬಸ್‌ಸ್ಟ್ಯಾಂಡಿನಲ್ಲಿ

ನಿನ್ನೆ ಮನೆ ಸೇರಿದಾಗ ರಾತ್ರಿ ಹನ್ನೊಂದೂವರೆ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮದುವೆ ಮುಗಿಸಿಕೊಂಡು ಎಂಟೂಕಾಲಕ್ಕೆ ಬಸ್ಸಿಳಿದೆ. ಮೂಲೆಯ ಬೆಂಚಿನ ಮೇಲೆ ಒಬ್ಬ ಹುಡುಗ, ಹತ್ತು ವರ್ಷ ಇರಬಹುದು. ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಇಷ್ಟು ವರ್ಷ ಕ್ಲಾಸಿನಲ್ಲಿ ಮಕ್ಕಳ ಮುಖ ಓದಿದವಳು ನಾನು, ಜೊತೆಗೆ ಯಾರೂ ಇಲ್ಲ ಅಂತ ತಿಳಿಯಲು ಹೊತ್ತು ಹಿಡಿಯಲಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆ. (ಫೋಟೋ ಕೇಳಬೇಡಿ. ಅಂಥ ಮಗುವಿನ ಗುರುತು ಬಯಲು ಮಾಡುವುದು ಅಪರಾಧ. ಅಲ್ಲಿ ಮೊಬೈಲ್ ಎತ್ತಿದ್ದ ಇಬ್ಬರಿಗೂ ಬೈದೆ.)

"ಮೇಡಂ, ಮೊದಲು ಸ್ಟೇಷನ್‌ನಲ್ಲಿ ಎಂಟ್ರಿ ಮಾಡಿಸಿ, ಆಮೇಲೆ ನಾವು ಬರ್ತೀವಿ" ಅಂದರು. ಸ್ಟೇಷನ್‌ಗೆ ಮಾಡಿದರೆ, "ಅದು ಅವರ ಕೆಲಸ ಅಮ್ಮಾ, ಅವರೇ ಬಂದು ಕರ್ಕೊಂಡು ಹೋಗ್ಲಿ." ಮತ್ತೆ ಇವರಿಗೆ. ಮತ್ತೆ ಅವರಿಗೆ. ಆ ಹುಡುಗ ಬನ್ನು ತಿನ್ನುತ್ತಾ ನನ್ನ ಬಾಯಿಯನ್ನೇ ನೋಡುತ್ತಿದ್ದ. ಕೊನೆಗೆ, "ನನ್ನ ಜೇಲಿಗೆ ಹಾಕ್ತಾರೇನ್ರೀ?" ಅಂದ.

ಈಗಿನ ಬಾಲನ್ಯಾಯ ಕಾಯ್ದೆ ಬಂದದ್ದು 2015ರಲ್ಲಿ. ಇಂಥ ಮಗುವನ್ನು 24 ಗಂಟೆಯೊಳಗೆ, ಮಗು ಎಲ್ಲಿರಬೇಕು ಅಂತ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಯಾರು? ಪೊಲೀಸರೂ ಮಾಡಬಹುದು, ಜಿಲ್ಲೆಯ ಸರ್ಕಾರಿ ಮಕ್ಕಳ ರಕ್ಷಣಾ ಘಟಕದವರೂ ಮಾಡಬಹುದು, 1098ರವರೂ ಮಾಡಬಹುದು, ನನ್ನಂಥ ದಾರಿಹೋಕಳೂ ಮಾಡಬಹುದು. ಎಲ್ಲರೂ ಮಾಡಬಹುದಾದ್ದರಿಂದಲೇ ಯಾರೂ ಮಾಡುವುದಿಲ್ಲ ಅಂತ ನಿನ್ನೆ ಗೊತ್ತಾಯಿತು.

ಪೊಲೀಸರಿಗೆ ಬಂದೋಬಸ್ತೇ ಸಾಕಾಗಿದೆ, ಘಟಕದವರಿಗೆ ಜನ ಇಲ್ಲ, ಗಾಡಿ ಇಲ್ಲ ಅಂತ ಕಾಮೆಂಟ್ ಹಾಕುವವರು ಇರುತ್ತೀರಿ. ಒಪ್ಪಿದೆ. ಆದರೆ "ನಮ್ಮದಲ್ಲ" ಅಂತ ಮೂರು ಗಂಟೆ ವಾದ ಮಾಡಲು ಟೈಮ್ ಇತ್ತಲ್ಲ? ಪ್ರತಿ ಸ್ಟೇಷನ್‌ನಲ್ಲೂ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. ಜಿಲ್ಲೆಗೊಂದು ವಿಶೇಷ ಮಕ್ಕಳ ಪೊಲೀಸ್ ಘಟಕ, ಅದರಲ್ಲಿ ಈ ಅಧಿಕಾರಿಗಳ ಜೊತೆಗೇ ಇಬ್ಬರು ಸಮಾಜ ಕಾರ್ಯಕರ್ತರು. ಪೊಲೀಸರೂ ಮಕ್ಕಳ ಕೆಲಸದವರೂ ಒಂದೇ ಮೇಜಿಗೆ ಕೂರಲಿ ಅಂತಲೇ ಮಾಡಿದ ಏರ್ಪಾಡು ಇದು. ಆ ಸ್ಟೇಷನ್‌ನ ಬೋರ್ಡಿನಲ್ಲೂ ಆ ಅಧಿಕಾರಿಯ ಹೆಸರಿತ್ತು. ಅವರಿಗೆ ವರ್ಗವಾಗಿ ಎರಡು ವರ್ಷವಾಯಿತಂತೆ. 2023ರಲ್ಲಿ 1098ನ್ನು ಸರ್ಕಾರವೇ ವಹಿಸಿಕೊಂಡು ಪೊಲೀಸರ ತುರ್ತು ನಂಬರ್ 112ರ ಜೊತೆ ಜೋಡಿಸಿತು. ಲೈನುಗಳಿಗೆ ನೆಂಟಸ್ತನ ಆಯಿತು, ಬೀಗರು ಮಾತ್ರ ಮಾತು ಬಿಟ್ಟಿದ್ದಾರೆ.

ನನ್ನ ಸಿಟ್ಟಿಗೆ ಇನ್ನೊಂದು ಕಾರಣ ಇದೆ. ಹೇಳಿಬಿಡುತ್ತೇನೆ. ಹಿಂದೆ ನನ್ನ ಕ್ಲಾಸಿನ ಒಬ್ಬ ಹುಡುಗಿ ಹದಿನೈದು ದಿನ ಬರಲಿಲ್ಲ. ಮದುವೆ ಮಾಡುತ್ತಾರಂತೆ ಅಂತ ಕಿವಿಗೆ ಬಿದ್ದಿತ್ತು. ಹೆಡ್‌ಮಾಸ್ಟರು ಹೇಳುತ್ತಾರೆ ಅಂತ ನಾನು ಸುಮ್ನಿದ್ದೆ. ನಾನು ಹೇಳಿರುತ್ತೇನೆ ಅಂತ ಅವರು ಸುಮ್ನಿದ್ದರು. "ನಮ್ಮದಲ್ಲ" ಅನ್ನುವ ಆಟ ನಾನೂ ಆಡಿದ್ದೇನೆ.

ನಿನ್ನೆ ಹನ್ನೊಂದರ ಹೊತ್ತಿಗೆ ಇಬ್ಬರೂ ಬಂದರು. ಒಬ್ಬ ಪೇದೆ, ಯೂನಿಫಾರ್ಮ್‌ನಲ್ಲೇ. ರಕ್ಷಣಾ ಘಟಕದಿಂದ ಒಬ್ಬ ಹುಡುಗಿ, ಪಾಪ, ಸ್ಕೂಟಿಯಲ್ಲಿ. ಹುಡುಗ ನನ್ನ ಸೆರಗು ಹಿಡಿದ. ಬಾಲಮಂದಿರಕ್ಕೆ ಆಟೋ ಕರೆದೆವು. ಬಾಡಿಗೆ ಯಾರು ಕೊಡಬೇಕು ಅಂತ ಮತ್ತೆ ಶುರುವಾಯಿತು. ನೂರೆಂಬತ್ತು ರೂಪಾಯಿ ನಾನೇ ಕೊಟ್ಟೆ.